ಎಲ್ಲಿ ಅಂಟಬೇಕು, ಎಲ್ಲಿ ಅಂಟಬಾರದು

ಕನ್ನಡದಲ್ಲಿ ಅಂಟು ಎಂಬ ಒಂದೇ ಮಾತು ಗೋಂದಿಗೂ ಸಲ್ಲುತ್ತದೆ, ಮನಸ್ಸಿನ ಮೋಹಕ್ಕೂ ಸಲ್ಲುತ್ತದೆ. ವೈರಾಗ್ಯದ ಮಾತು ಬಂದಾಗಲೆಲ್ಲ ನಾವು ತಾವರೆ ಎಲೆಯನ್ನು ನೆನೆಯುತ್ತೇವೆ, ನೀರಿನಲ್ಲಿದ್ದೂ ನೀರನ್ನು ಅಂಟಿಸಿಕೊಳ್ಳದ ಎಲೆಯೆಂದು. ಚೆಲುವಾದ ಹೋಲಿಕೆ. ಆದರೆ ಅದರ ನೆರಳಿನಲ್ಲಿ, ಅಂಟು ಕಡಿಮೆಯಾದಷ್ಟೂ ಬಿಡುಗಡೆ ಹೆಚ್ಚು ಎಂಬ ತಪ್ಪು ಲೆಕ್ಕವೂ ಬೆಳೆದಿದೆ. ಬಿಡುಗಡೆಗೆ ಬೇಕಾದದ್ದು ಅಂಟಿನ ಜಾಗವನ್ನು ಅರಿಯುವ ವಿವೇಕ ಎಂಬುದು ನನ್ನ ವಾದ. ಅದಕ್ಕೆ ಸಾಕ್ಷಿಯಾಗಿ ತಾವರೆ ಎಲೆಯ ಬದಲು ಮಾದರಿ ವಿಮಾನದ ಹಿಂಜನ್ನು, ಅಂದರೆ ಬಾಗಿಲಿಗಿರುವಂಥ ತಿರುಗಣಿಯನ್ನು, ಮುಂದಿಡುತ್ತೇನೆ.

ರೆಕ್ಕೆಯ ಏಲೆರಾನ್, ಬಾಲದ ಎಲಿವೇಟರ್ ಮತ್ತು ರಡ್ಡರ್‌ಗಳೆಂಬ ಪಟ್ಟಿಗಳು ಹಿಂಜುಗಳ ಮೇಲೆ ತಿರುಗಿದರೆ ಮಾತ್ರ ವಿಮಾನ ಹೇಳಿದ ಮಾತು ಕೇಳುತ್ತದೆ. ಹಿಂಜಿನ ಒಂದು ಅರ್ಧ ಕದಲದ ಮರದೊಳಗೆ, ಇನ್ನೊಂದು ಅರ್ಧ ತಿರುಗುವ ಪಟ್ಟಿಯೊಳಗೆ ಅಂಟಿರಬೇಕು. ಹಾರಾಟದಲ್ಲಿ ಇವೆರಡರಲ್ಲಿ ಒಂದು ಬಿಟ್ಟುಕೊಂಡರೂ ವಿಮಾನ ಉಳಿಯುವುದು ಕಷ್ಟ. ಅದೇ ಅಂಟು ನಡುವಿನ ಕೀಲಿಗೆ ಹರಿದರೆ ಪಟ್ಟಿ ಬಿಗಿದುಹೋಗುತ್ತದೆ, ಫಲ ಅದೇ. ಆದ್ದರಿಂದ ನೈಲಾನ್ ಹಿಂಜುಗಳಿಗೆ ನಿಧಾನವಾಗಿ ಗಟ್ಟಿಯಾಗುವ, 30 ನಿಮಿಷದ ಎಪಾಕ್ಸಿ ಅಂಟು ಒಳ್ಳೆಯದು. ಜೋಡಣೆ ಸರಿಪಡಿಸಲು ಸಮಯ ಸಿಗುತ್ತದೆ, ಕೀಲಿಗೆ ಮೊದಲೇ ಚೂರು ವ್ಯಾಸಲೀನ್ ಸವರಿದ್ದರೆ ಅಂಟು ಅಲ್ಲಿ ಹಿಡಿಯುವುದಿಲ್ಲ. ನಾರಿನ ತೆಳು ಹಿಂಜುಗಳಿಗೆ ನೀರಿನಂತೆ ತೆಳುವಾದ ಸಯನೊಆಕ್ರಿಲೇಟ್ ಅಂಟು ಬೇಕು. ಅದು ಹನಿಹನಿಯಾಗಿ ನಾರಿನುದ್ದಕ್ಕೂ ಇಂಗಿ ಬಾಲ್ಸಾ ಮರದ ಒಳಗೆ ಇಳಿಯುತ್ತದೆ. ಅವಸರಪಟ್ಟು ಬೇಗ ಗಟ್ಟಿ ಮಾಡುವ ದ್ರವ ಸಿಂಪಡಿಸಿದರೆ ಸೀಳಿನ ಬಾಯಲ್ಲೇ ಹೆಪ್ಪುಗಟ್ಟುತ್ತದೆ, ಆಳಕ್ಕೆ ಹಿಡಿತವಿರುವುದಿಲ್ಲ. ಮೈಯೆಲ್ಲ ಥರ್ಮೊಕೋಲ್ ಆದ ವಿಮಾನಕ್ಕಂತೂ ಸಾಮಾನ್ಯ ಸಯನೊಆಕ್ರಿಲೇಟ್ ತಾಕಿದರೆ ಮೈಯೇ ಕರಗುತ್ತದೆ. ಅಂಟು ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ ಇಲ್ಲಿ ಅರ್ಥವಿಲ್ಲ. ಯಾವ ಅಂಟು, ಎಲ್ಲಿ, ಎಷ್ಟು ಆಳಕ್ಕೆ ಎಂದು ಕೇಳಬೇಕು.

ನಮ್ಮ ತರ್ಕಶಾಸ್ತ್ರವೂ ಅಂಟನ್ನು ಹಗೆಯೆಂದು ಕಂಡಿಲ್ಲ. ಅನ್ನಂಭಟ್ಟನ ತರ್ಕಸಂಗ್ರಹ ಎಣಿಸುವ 24 ಗುಣಗಳಲ್ಲಿ ಸ್ನೇಹವೂ ಒಂದು. ಅದು ನೀರಿಗೆ ಮಾತ್ರ ಸೇರಿದ್ದು, ಹಿಟ್ಟು ಉಂಡೆಯಾಗಲು ಕಾರಣವಾದದ್ದು. ಅದೇ ಮಾತು ಎಣ್ಣೆಗೂ ಒಲವಿಗೂ ಹೆಸರಾಯಿತು. ಉಂಡೆಯಾಗದ ಹಿಟ್ಟಿಗೆ ಆಕಾರವಿಲ್ಲ. ಯಾವುದಕ್ಕೂ ಅಂಟದ ಬಾಳಿಗೆ ಬಿಡಿಸಿಕೊಳ್ಳಲು ಏನೂ ಇರುವುದಿಲ್ಲ, ಹಾರಲು ರೆಕ್ಕೆಯೂ ಇರುವುದಿಲ್ಲ. ವೈರಾಗ್ಯವೆಂದರೆ ಕೀಲಿಗೆ ಸವರಿದ ಆ ಚೂರು ವ್ಯಾಸಲೀನ್. ಅದನ್ನು ಹಿಂಜಿಗೆಲ್ಲ ಬಳಿದವನು ವಿಮಾನವನ್ನೇ ಕಳೆದುಕೊಳ್ಳುತ್ತಾನೆ.

ಇದಕ್ಕೆ ಬಲವಾದ ಆಕ್ಷೇಪ ಅಕ್ಕಮಹಾದೇವಿಯ ಬದುಕು. ಅರಮನೆ, ಉಡುಗೆ, ಊರು ಎಲ್ಲವನ್ನೂ ತೊರೆದು ನಡೆದವಳ ಮುಂದೆ ಹಿಂಜಿನ ಹೋಲಿಕೆ ಸಂಸಾರಿಗಳ ಸಮಾಧಾನದಂತೆ ಕಾಣಬಹುದು. ಆದರೆ ಅವಳ ವಚನಗಳ ಅಂಕಿತವನ್ನು ನೋಡಿ: ಚೆನ್ನಮಲ್ಲಿಕಾರ್ಜುನ. ಅವಳು ಅಂಟನ್ನು ತೊರೆದವಳಲ್ಲ, ತಪ್ಪು ಜಾಗದಿಂದ ಕಿತ್ತು ಸರಿಯಾದ ಜಾಗದಲ್ಲಿ ಆಳವಾಗಿ ಇಳಿಸಿದವಳು. ಎರಡು ಮಿತಿಗಳ ನಡುವಿನ ಪಟ್ಟಿಯ ಅಲ್ಲಾಟವನ್ನು ಬಿಡುಗಡೆ ಎನ್ನಬಹುದೇ ಎಂದು ಇನ್ನೊಬ್ಬರು ಕೇಳಬಹುದು. ಹಿಡಿತ ಸಡಿಲಾದ ಪಟ್ಟಿ ಗಾಳಿಗೆ ಸಿಕ್ಕು ಪಟಪಟನೆ ಅದುರುತ್ತದೆ, ಆ ಅದುರುವಿಕೆ ರೆಕ್ಕೆಯನ್ನೇ ಮುರಿಯಬಲ್ಲದು. ಅದಕ್ಕೆ ಮಿತಿ ಇಲ್ಲ, ನಿಜ. ದಿಕ್ಕೂ ಇಲ್ಲ. ಅಂಟೆಲ್ಲ ಒಂದು ದಿನ ಬಿಡುವಂಥದ್ದೇ, ಅನಿತ್ಯವನ್ನು ನಂಬುವುದೇಕೆ ಎಂಬ ಮಾತೂ ಉಂಟು. ಅದು ಸತ್ಯವಾದ್ದರಿಂದಲೇ ಹಾರಿಸುವ ಮೊದಲು ಒಂದೊಂದು ಹಿಂಜನ್ನೂ ಕೈಯಿಂದ ಎಳೆದು ನೋಡಬೇಕು. ಅನಿತ್ಯದ ಅರಿವು ಎಚ್ಚರವನ್ನು ಬೇಡುತ್ತದೆ, ಓಡಿಹೋಗುವುದನ್ನಲ್ಲ.

ಮಗುವಿನ ಮೇಲಿನ ಅಕ್ಕರೆಯನ್ನೇ ತೆಗೆದುಕೊಳ್ಳಿ. ಹೊಟ್ಟೆಗೆ ಹಾಕುವುದರಲ್ಲಿ, ಜ್ವರ ಬಂದ ರಾತ್ರಿ ಎದ್ದು ಕೂರುವುದರಲ್ಲಿ ಹೆತ್ತವರ ಅಂಟು ಮರದೊಳಗೆ ಇಳಿದಂತೆ ಇಳಿಯಲಿ. ಮಗು ಯಾವ ಕಡೆ ತಿರುಗಬೇಕೆಂಬ ಕೀಲಿನಲ್ಲಿ ಮಾತ್ರ ಅದರ ಒಂದು ಹನಿಯೂ ಬೀಳದಿರಲಿ.