ಬೆಂಕಿ, ಮಣಿ ಮತ್ತು ಗುಲಗಂಜಿ ಹುಳು

ಬೆಂಕಿಯೊಳಗೆ ಸುಡುವ ಶಕ್ತಿ ಎಂಬುದೊಂದು ಬೇರೆಯಾಗಿ ಇದೆಯೆ? ಮೀಮಾಂಸಕರೂ ನೈಯಾಯಿಕರೂ ಈ ಪ್ರಶ್ನೆಗಾಗಿ ಶತಮಾನಗಟ್ಟಲೆ ಕಾದಾಡಿದ್ದಾರೆ. ವಿಶೇಷ ಮಣಿಯೊಂದನ್ನು ಹತ್ತಿರ ಇಟ್ಟರೆ ಬೆಂಕಿ ಸುಡುವುದಿಲ್ಲ ಎಂಬುದು ಆಗಿನವರ ನಂಬಿಕೆ. ಬೆಂಕಿ ಉರಿಯುತ್ತಲೇ ಇದೆ, ಕೈ ಮಾತ್ರ ಸುಡುತ್ತಿಲ್ಲ. ಹಾಗಿದ್ದರೆ ಕಣ್ಣಿಗೆ ಕಾಣದ ಶಕ್ತಿಯೊಂದು ಅದರಲ್ಲಿದ್ದು, ಮಣಿ ಅದನ್ನು ಕೆಡಿಸಿರಬೇಕು ಎಂದರು ಮೀಮಾಂಸಕರು. ಅಷ್ಟೆಲ್ಲ ಯಾಕೆ, ಅಡ್ಡಿ ಇಲ್ಲದಿರುವುದೂ ಕಾರಣಗಳಲ್ಲಿ ಒಂದು ಎಂದುಕೊಂಡರಾಯಿತು ಎಂದರು ನೈಯಾಯಿಕರು. ಉದಯನ ‘ನ್ಯಾಯಕುಸುಮಾಂಜಲಿ’ಯಲ್ಲಿ ಈ ಪಕ್ಷ ಹಿಡಿದು ಪಟ್ಟಾಗಿ ವಾದಿಸುತ್ತಾನೆ.

ಈಗ ಈ ಜಗಳವನ್ನು ಗುಲಗಂಜಿ ಹುಳುವಿನ ಮುಂದಿಟ್ಟು ನೋಡಬಹುದು.

ಸಸ್ಯಹೇನು ಮುತ್ತಿದ ಎಲೆಯ ಅಡಿಯಲ್ಲಿ ಹೆಣ್ಣುಹುಳು ಹಳದಿ ಮೊಟ್ಟೆಗಳನ್ನು ಒತ್ತೊತ್ತಾಗಿ, ಒಂದೊಂದನ್ನೂ ನೆಟ್ಟಗೆ ನಿಲ್ಲಿಸಿ ಅಂಟಿಸುತ್ತದೆ. ಮೊಟ್ಟೆಯೊಳಗಿನ ಪೋಷಕ ಪ್ರೋಟೀನು ಹೆಚ್ಚಾಗಿ ತಯಾರಾಗುವುದು ಹೊಟ್ಟೆಯ ಕೊಬ್ಬಿನ ಅಂಗಾಂಶದಲ್ಲಿ. ಅಲ್ಲಿಂದ ರಕ್ತದೊಡನೆ ಹರಿದು ಅಂಡಾಶಯ ಸೇರುತ್ತದೆ. ಈ ಕೆಲಸ ಶುರುಮಾಡಿಸುವುದು ತಲೆಯ ಹಿಂಬದಿಯ ಪುಟ್ಟ ಗ್ರಂಥಿಗಳು ಸುರಿಸುವ ಜುವೆನೈಲ್ ಹಾರ್ಮೋನು. ವಿಚಿತ್ರವೆಂದರೆ, ಇದೇ ಹಾರ್ಮೋನು ಮರಿಹುಳುವಿನ ಮೈಯಲ್ಲಿದ್ದಾಗ ಅದನ್ನು ಮರಿಯಾಗಿಯೇ ಉಳಿಸುತ್ತದೆ. ಮರಿಯನ್ನು ದೊಡ್ಡದಾಗಲು ಬಿಡದ್ದೇ ದೊಡ್ಡದನ್ನು ತಾಯಿಯಾಗಿಸುತ್ತದೆ. ಎಳ್ಳಿನಲ್ಲಿ ಎಣ್ಣೆಯಿರುವಂತೆ ಕಾರ್ಯವು ಕಾರಣದಲ್ಲಿ ಮೊದಲೇ ಅಡಗಿದೆ ಎನ್ನುವ ಸಾಂಖ್ಯರಿಗೆ ಇದು ಬಿಸಿತುಪ್ಪ: ಇಲ್ಲಿ ಅಡಗಿರುವುದು ಯಾವುದು, ಬಾಲ್ಯವೋ ಬಸಿರೋ?

ಹಾರ್ಮೋನು ಜೀವಕೋಶದೊಳಗೆ ಹೊಕ್ಕು ‘ಮೆಟ್’ ಎಂಬ ಗ್ರಾಹಿ ಪ್ರೋಟೀನಿಗೆ ಅಂಟಿಕೊಳ್ಳಬೇಕು. ಆ ಗ್ರಾಹಿ ಜೊತೆಗಾರ ಪ್ರೋಟೀನೊಂದನ್ನು ಕೂಡಿಕೊಂಡು ಡಿಎನ್‌ಎ ಮೇಲೆ ಕುಳಿತು ಬೇರೆ ಜೀನ್‌ಗಳನ್ನು ಎಬ್ಬಿಸುತ್ತದೆ. ಅಡುಗೆಮನೆಯ ಹಿಟ್ಟಿನ ಡಬ್ಬಿಯಲ್ಲಿ ಕಾಣುವ ಕೆಂಪು ಹುಳುವೂ ಗುಲಗಂಜಿ ಹುಳುವಿನಂತೆ ದುಂಬಿಗಳ ಗುಂಪಿನದೇ. ಅದರ ಮರಿಗಳಲ್ಲಿ ಮೆಟ್ ಜೀನನ್ನು ಜೆಕ್ ವಿಜ್ಞಾನಿಗಳಾದ ಕೊನೊಪೊವಾ ಮತ್ತು ಯಿಂದ್ರಾ 2007ರಲ್ಲಿ ಸುಮ್ಮನಾಗಿಸಿದಾಗ ಮರಿಗಳು ಹೊತ್ತಿಗೆ ಮುಂಚೆಯೇ ರೂಪಾಂತರಕ್ಕೆ ಹೊರಟವು. ಬೆಳೆದ ಹೆಣ್ಣುದುಂಬಿಗಳಲ್ಲಿ ಇದೇ ಜೀನನ್ನು ಅಡಗಿಸಿದರೆ ಪೋಷಕ ಪ್ರೋಟೀನು ಇಳಿಯುತ್ತದೆ, ಅಂಡಾಶಯ ಸೊರಗುತ್ತದೆ.

ಮೀಮಾಂಸಕ ಇದನ್ನು ಕೇಳಿ ಮೀಸೆ ತಿರುವಿದರೆ ತಪ್ಪಿಲ್ಲ. ಹಾರ್ಮೋನು ಅಲ್ಲೇ ಇದ್ದೂ ಫಲವಿಲ್ಲ ಎಂದರೆ ಹೋದದ್ದು ಶಕ್ತಿಯೇ ತಾನೆ? ಆದರೆ ಅವನ ಗೆಲುವು ಅರ್ಧ. ಹೋದ ಶಕ್ತಿ ಬೆಂಕಿಯದಲ್ಲ, ಸುಡಿಸಿಕೊಳ್ಳುವ ಕಟ್ಟಿಗೆಯದು. ಕಾಣದ್ದೆಂದು ಅವನು ಹೇಳಿದ್ದಕ್ಕೆ ಈಗ ವರ್ಣತಂತುವಿನ ಮೇಲೆ ವಿಳಾಸವೂ ಇದೆ.

ಹಾಗೆಂದು ನೈಯಾಯಿಕನಿಗೆ ನೆಮ್ಮದಿಯಿಲ್ಲ. ಆಲ್ಬರ್ಟ್ ಕೋಬೆಲೆ 1888ರಲ್ಲಿ ಆಸ್ಟ್ರೇಲಿಯದಿಂದ ಕ್ಯಾಲಿಫೋರ್ನಿಯಕ್ಕೆ ಕಳಿಸತೊಡಗಿದ ವೆಡಾಲಿಯ ಎಂಬ ಗುಲಗಂಜಿ ಹುಳು, ಅಲ್ಲಿನ ಕಿತ್ತಳೆ ತೋಟಗಳನ್ನು ಮುಗಿಸಲು ಹೊರಟಿದ್ದ ಬಿಳಿ ಶಲ್ಕಕೀಟವನ್ನು ತಿಂದು ತೇಗಿತ್ತು. 1990ರ ದಶಕದ ಕೊನೆಗೆ ಅದೇ ರಾಜ್ಯದ ಸ್ಯಾನ್ ವಾಕೀನ್ ಕಣಿವೆಯಲ್ಲಿ ಬೇರೊಂದು ಶಲ್ಕಕೀಟಕ್ಕೆಂದು ಪೈರಿಪ್ರಾಕ್ಸಿಫೆನ್ ಸಿಂಪಡಿಸಿದರು. ಅದು ಜುವೆನೈಲ್ ಹಾರ್ಮೋನಿನ ವೇಷಧಾರಿ. ಗ್ರಾಹಿಗೆ ಅಸಲಿಯಂತೆಯೇ ಒಗ್ಗುತ್ತದೆ. ಗ್ರಾಹಿ ಕೆಟ್ಟಿರಲಿಲ್ಲ, ಸಂದೇಶಕ್ಕೂ ಬರವಿರಲಿಲ್ಲ. ಆದರೂ ವೆಡಾಲಿಯದ ಸಂತಾನ ಕುಸಿದು, ಹಳೆಯ ಶಲ್ಕಕೀಟ ಮತ್ತೆ ತಲೆಯೆತ್ತಿತು.

ಬೆಂಕಿಯನ್ನೂ ಮಣಿಯನ್ನೂ ಬೇರೆಬೇರೆ ಪಂಕ್ತಿಯಲ್ಲಿ ಕೂರಿಸಿದವರು ಇದನ್ನು ಎಲ್ಲಿ ಕೂರಿಸುತ್ತಿದ್ದರು? ಕಾರಣವೇ ಹೊತ್ತಲ್ಲದ ಹೊತ್ತಿನಲ್ಲಿ ಬಂದು ಅಡ್ಡಿಯಾಗಿದೆ. ಈಶ್ವರ, ಅದೃಷ್ಟಗಳ ಜೊತೆ ಕಾಲವನ್ನೂ ಎಲ್ಲ ಕಾರ್ಯಗಳ ಸಾಧಾರಣ ಕಾರಣವೆಂದು ಎಣಿಸಿದವರು ಅವರು. ಉತ್ತರ ಬಹುಶಃ ಅಲ್ಲಿಂದಲೇ ಹೊರಡುತ್ತಿತ್ತು. ಎಲ್ಲಕ್ಕೂ ಸಮಾನವಾದ ಕಾಲ ಮರಿಗೊಂದು ಬಗೆ, ತಾಯಿಗೊಂದು ಬಗೆ ಆಗುವುದು ಹೇಗೆಂದು ಮೀಮಾಂಸಕ ಆಗಲೂ ಕೇಳದೆ ಬಿಡುತ್ತಿರಲಿಲ್ಲ.