ರೋಗಿಯ ದಾಖಲೆ ಎಂಬ ನ್ಯಾಸ

ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಔಷಧದಾನವು ಇಂದು ಉಚಿತ ಚಿಕಿತ್ಸಾಲಯ, ಆರೋಗ್ಯ ಶಿಬಿರಗಳ ರೂಪದಲ್ಲಿಯೂ ನಡೆಯುತ್ತಿದೆ. ಔಷಧವನ್ನು ಕೈಗಿತ್ತ ಕ್ಷಣಕ್ಕೆ ಆ ದಾನವು ಮುಗಿಯಿತೇ, ಅಥವಾ ರೋಗಿಯನ್ನು ಕುರಿತು ಬರೆದಿಟ್ಟ ಬರಹದ ಹೊಣೆಯೂ ಅದರಲ್ಲಿ ಸೇರಿದೆಯೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಕುರಿಯ ತಳಿಯಿಂದ ಹೆಸರಾದ ಮಳವಳ್ಳಿ ತಾಲ್ಲೂಕಿನ ಬಂಡೂರನ್ನೇ ತೆಗೆದುಕೊಳ್ಳಬಹುದು. ಅಲ್ಲಿಯ ಗರ್ಭಿಣಿಯೊಬ್ಬಳು ಮಳವಳ್ಳಿಯ ಆಸ್ಪತ್ರೆಗೂ, ತೊಡಕಾದರೆ ಮಂಡ್ಯಕ್ಕೂ ಹೋಗಬೇಕಾದೀತು. ರಕ್ತದ ಗುಂಪು, ರಕ್ತದೊತ್ತಡ, ಹಿಂದಿನ ಹೆರಿಗೆಯ ವಿವರಗಳನ್ನುಳ್ಳ ತಾಯಿ ಕಾರ್ಡು ಕೈಯಲ್ಲಿದ್ದರೆ ಹೊಸ ವೈದ್ಯರಿಗೂ ಆಕೆಯ ಸ್ಥಿತಿ ತಿಳಿಯುತ್ತದೆ. ಆದರೆ ಒಳರೋಗಿಯಾದ ಮೇಲೆ ಬೆಳೆಯುವ ಕಡತವು ಆಸ್ಪತ್ರೆಯ ಕಪಾಟಿನಲ್ಲಿಯೇ ಉಳಿಯುತ್ತದೆ.

ಆ ಕಡತಕ್ಕೆ ಇರುವ ಅಳತೆ ಒಂದೇ ಅಲ್ಲ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯು ವೈದ್ಯನನ್ನು ಉದ್ದೇಶಿಸಿದ್ದು: ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಆರಂಭವಾದಂದಿನಿಂದ 3 ವರ್ಷ ಕಾಯ್ದಿಡಬೇಕು, ರೋಗಿಯು ಕೇಳಿದರೆ 72 ಗಂಟೆಗಳೊಳಗೆ ಒದಗಿಸಬೇಕು. ಕೇಂದ್ರ ಆರೋಗ್ಯ ಸಚಿವಾಲಯವು 2016ರಲ್ಲಿ ಪರಿಷ್ಕರಿಸಿದ ವಿದ್ಯುನ್ಮಾನ ಆರೋಗ್ಯ ದಾಖಲೆಗಳ ಮಾನದಂಡವು ಇನ್ನೂ ಮುಂದೆ ಹೋಗಿ, ರೋಗಿಯ ಜೀವಿತಕಾಲದಲ್ಲಿ ದಾಖಲೆಯನ್ನು ನಾಶಪಡಿಸಬಾರದೆಂದೂ, ಆಸ್ಪತ್ರೆಯು ಅದನ್ನು ರೋಗಿಯ ಪರವಾಗಿ ನಂಬಿಕೆಯಿಂದ ಇಟ್ಟುಕೊಂಡಿರುವುದೆಂದೂ ಹೇಳುತ್ತದೆ. ಸಾರ್ವಜನಿಕ ಆರೋಗ್ಯವು ಸಂವಿಧಾನದಲ್ಲಿ ರಾಜ್ಯಪಟ್ಟಿಯ ವಿಷಯ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳಿಗೆ ರಾಜ್ಯವೇ ರಚಿಸಿದ 2007ರ ಅಧಿನಿಯಮವಿದ್ದು, ಅದು ದಾಖಲೆ ಇಡುವ ಹೊಣೆಯನ್ನು ಸಂಸ್ಥೆಯ ಮೇಲೆಯೇ ಹೊರಿಸಿದೆ. 2017ರ ತಿದ್ದುಪಡಿಯು ಅದಕ್ಕೆ ರೋಗಿಗಳ ಹಕ್ಕುಪತ್ರವನ್ನು ಸೇರಿಸಿತು.

ಈ ಅಳತೆಗಳಲ್ಲಿ ಅತ್ಯಲ್ಪವಾದುದನ್ನು ಆಯ್ದುಕೊಂಡವನಿಗೆ ದಂಡನೆ ತಪ್ಪಬಹುದು, ದೋಷವೂ ತಪ್ಪುವುದೇ? ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಸತ್ಯಾಣುವ್ರತಕ್ಕೆ ಹೇಳುವ ಐದು ಅತಿಚಾರಗಳಲ್ಲಿ ಮೂರು ಇಲ್ಲಿಗೆ ನೇರವಾಗಿ ಅನ್ವಯಿಸುತ್ತವೆ. ಮಾಡದ ಪರೀಕ್ಷೆಯನ್ನು ಮಾಡಿದಂತೆ ಬರೆಯುವುದು ಕೂಟಲೇಖಕ್ರಿಯೆ. ರೋಗಿಯ ಗುಟ್ಟನ್ನು ಹೊರಗೆಡಹುವುದು ರಹೋಭ್ಯಾಖ್ಯಾನ. ಆತನು ನಂಬಿ ಒಪ್ಪಿಸಿದುದನ್ನು ಕೇಳಿದಾಗ ಇಲ್ಲವೆನ್ನುವುದು ನ್ಯಾಸಾಪಹಾರ. ಒತ್ತೆಯಿಟ್ಟ ಒಡವೆಗೆ ಸಲ್ಲುವ ಪ್ರಾಮಾಣಿಕತೆಯು ಒಪ್ಪಿಸಿದ ಮಾಹಿತಿಗೂ ಸಲ್ಲಬೇಕು.

ಹೀಗೆ ಕೂಡಿಡುವುದೇ ಪರಿಗ್ರಹವಲ್ಲವೇ ಎಂಬ ಆಕ್ಷೇಪವು ಏಳಬಹುದು. ಅದು ನಿರಾಧಾರವಲ್ಲ, ಸಂಗ್ರಹ ಬೆಳೆದಷ್ಟೂ ಅದು ಪರರ ಕೈಸೇರುವ ಭಯವೂ ಬೆಳೆಯುತ್ತದೆ. ಆದರೆ ಅಪರಿಗ್ರಹದ ವಿವೇಕವು ಬರೆಯುವ ಮೊದಲೇ ಬೇಕು: ಚಿಕಿತ್ಸೆಗೆ ಬೇಡದ ವಿಷಯವನ್ನು ಕೇಳಲೇಬಾರದು. ಬರೆದ ಮೇಲೆ ಅದು ಬರೆದವನ ಸ್ವತ್ತಲ್ಲ. ಆತನು ಅದರ ಕಾವಲುಗಾರ ಮಾತ್ರ.

ಆದುದರಿಂದ ಶಿಬಿರದ ಚಪ್ಪರ ಬಿಚ್ಚಿದೊಡನೆ ನೋಂದಣಿ ಪುಸ್ತಕವನ್ನು ರದ್ದಿಗೆ ಹಾಕುವುದು ಔಷಧದಾನಕ್ಕೆ ತಕ್ಕುದಲ್ಲ. ರೋಗ, ಕೊಟ್ಟ ಔಷಧ, ಒಗ್ಗದ ಔಷಧ ಇವಿಷ್ಟನ್ನು ಸ್ಪಷ್ಟ ಕನ್ನಡದಲ್ಲಿ ಬರೆದು, ವೈದ್ಯರ ಸಹಿಯೊಡನೆ ಒಂದು ಪ್ರತಿಯನ್ನು ರೋಗಿಯ ಕೈಗೆ ಕೊಡುವುದಕ್ಕೆ ಹೆಚ್ಚು ಹಣ ಬೇಕಿಲ್ಲ. ಪೆನಿಸಿಲಿನ್ ಒಗ್ಗದವನಿಗೆ ಮುಂದೊಂದು ದಿನ ಆ ಒಂದು ಸಾಲೇ ಅಭಯದಾನವಾದೀತು.