ಗೇಟಿನೊಳಗಿನ ಬಂಧುತ್ವ

ಒಂದು ಶಾಲೆ ತನ್ನನ್ನು ತಾನು ಕುಟುಂಬ ಎಂದು ಕರೆದುಕೊಳ್ಳಬೇಕಾದರೆ ಏನಿರಬೇಕು? ಒಟ್ಟಿಗೆ ಪ್ರಾರ್ಥನೆ, ಒಟ್ಟಿಗೆ ಆಟ, ಒಟ್ಟಿಗೆ ಊಟ ಇದ್ದರೆ ಸಾಕೆ? ಅಥವಾ ಆ ‘ಒಟ್ಟಿಗೆ’ ಎಂಬ ಮಾತಿನೊಳಗೆ ಯಾರು ಬಂದರು, ಯಾರು ಹೊರಗೇ ನಿಂತರು ಎಂಬ ಲೆಕ್ಕವೂ ಬೇಕೆ? ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಕೇರಿ, ಹಟ್ಟಿ, ತಾಂಡಾಗಳ ಮಕ್ಕಳನ್ನು ಮುಂದಿಟ್ಟುಕೊಂಡು ನಾವು ಈ ಪ್ರಶ್ನೆ ಕೇಳುತ್ತಿದ್ದೇವೆ. ಪ್ರಶ್ನೆ ಇಲ್ಲಿನದು. ಆದರೆ ಅದರ ಒಂದು ಬೇರು ಬೆಂಗಳೂರಿನ ದಂಡು ಪ್ರದೇಶದಲ್ಲಿದೆ. ಮೊದಲು ಅಲ್ಲಿಗೆ ಹೋಗಿ ಬರೋಣ.

1857ರ ದಂಗೆ ಅಡಗಿದ ಮೇಲೆ ಈ ದೇಶದಲ್ಲಿದ್ದ ಬಿಳಿಯರ ಮತ್ತು ಆಂಗ್ಲೋ ಇಂಡಿಯನ್ನರ ಮಕ್ಕಳಿಗೆ ತಕ್ಕ ಶಾಲೆಗಳಿಲ್ಲ ಎಂಬ ಚಿಂತೆ ಆಂಗ್ಲಿಕನ್ ಚರ್ಚಿಗೆ, ಅಂದರೆ ನಮ್ಮನ್ನಾಳುತ್ತಿದ್ದ ದೊರೆಗಳ ಚರ್ಚಿಗೆ ಹತ್ತಿತು. ಆಗ ಕಲ್ಕತ್ತೆಯ ಬಿಷಪ್ ಆಗಿದ್ದವರು ಜಾರ್ಜ್ ಕಾಟನ್. ಅವರು ಇಂಗ್ಲೆಂಡಿನ ರಗ್ಬಿ ಶಾಲೆಯಲ್ಲಿ ಥಾಮಸ್ ಅರ್ನಾಲ್ಡ್ ಎಂಬ ಹೆಸರಾಂತ ಮುಖ್ಯೋಪಾಧ್ಯಾಯರ ಕೈಕೆಳಗೆ ಮೇಷ್ಟ್ರಾಗಿದ್ದವರು. ಹುಡುಗರನ್ನು ‘ಹೌಸು’ಗಳಾಗಿ ಹಂಚುವುದು, ದೊಡ್ಡ ಹುಡುಗರಿಗೆ ಚಿಕ್ಕವರ ಮೇಲ್ವಿಚಾರಣೆ ಕೊಡುವುದು, ಚಾಪೆಲಿನ ಪ್ರಾರ್ಥನೆಯನ್ನೂ ಮೈದಾನದ ಆಟವನ್ನೂ ಒಂದೇ ಶಿಕ್ಷಣವೆಂದು ತಿಳಿಯುವುದು, ಇವೆಲ್ಲ ಅಂಥ ಶಾಲೆಗಳಿಂದ ಹಡಗು ಹತ್ತಿ ಬಂದವು. 1865ರಲ್ಲಿ ಪೆಟಿಗ್ರೂ ಎಂಬ ಪಾದ್ರಿ ಬೆಂಗಳೂರಿನಲ್ಲಿ ತೆರೆದ ಶಾಲೆಗೆ ಬಿಷಪ್ ಕಾಟನ್ನರ ಹೆಸರೇ ಬಂತು. 1947ರಲ್ಲಿ ದಕ್ಷಿಣ ಭಾರತದ ಆಂಗ್ಲಿಕನ್ನರು ಬೇರೆ ಸಭೆಗಳ ಜೊತೆ ಸೇರಿ ಸಿ.ಎಸ್.ಐ. ಆದರು. ಶಾಲೆ ಅದರ ಪಾಲಿಗೆ ಬಂತು, ಇವತ್ತಿಗೂ ನಡೆಯುತ್ತಿದೆ.

ಇಂಥ ಶಾಲೆಗಳಿಗೆ ತಮ್ಮದೇ ಪತ್ರಿಕೆ ಇರುತ್ತದೆ. ಯಾವ ಹೌಸು ಗೆದ್ದಿತು, ಕ್ರಿಸ್ಮಸ್ಸಿಗೆ ಯಾರು ಹಾಡಿದರು, ಯಾರು ಬಹುಮಾನ ತಗೊಂಡರು, ಯಾವ ಹಳೆಯ ವಿದ್ಯಾರ್ಥಿ ಸೈನ್ಯದಲ್ಲಿ ಮೇಲೆ ಬಂದ, ಎಲ್ಲ ಅದರಲ್ಲಿ ಅಚ್ಚಾಗುತ್ತದೆ. ಜನರಲ್ ತಿಮ್ಮಯ್ಯನವರು ಅಲ್ಲಿ ಓದಿದವರು. ನವೆಂಬರ್ 5ರಂದು ಗೈ ಫಾಕ್ಸನ ಬೊಂಬೆ ಸುಡುವ ಪದ್ಧತಿಯನ್ನೂ ಆ ಶಾಲೆ ಉಳಿಸಿಕೊಂಡು ಬಂತು. 1605ರಲ್ಲಿ ಲಂಡನ್ನಿನ ಪಾರ್ಲಿಮೆಂಟಿಗೆ ಮದ್ದಿಡಲು ಹೋದವನ ಬೊಂಬೆಯನ್ನು ಬೆಂಗಳೂರಿನ ಹುಡುಗರು ಯಾಕೆ ಸುಡಬೇಕು ಅಂತ ನಗಬಹುದು. ನಾವು ನಗುವುದಿಲ್ಲ. ಒಂದು ಸಮುದಾಯ ತನ್ನ ನೆನಪನ್ನು ಸಮುದ್ರ ದಾಟಿಸಿ ತಂದು ಕಾಪಾಡಿಕೊಂಡಿದೆ. ನಮ್ಮ ಮಕ್ಕಳ ನೆನಪನ್ನು ಪಕ್ಕದ ಬೀದಿ ದಾಟಿಸುವವರಿಲ್ಲ. ನಗುವುದಾದರೆ ಯಾರನ್ನು ನೋಡಿ ನಗಬೇಕು?

ಹುಡುಗನೊಬ್ಬನ ಹೆಸರು ಅಚ್ಚಾಗುವುದು ಸಣ್ಣ ಮಾತಲ್ಲ. ನೀನು ಓಡಿದ್ದನ್ನು, ಹಾಡಿದ್ದನ್ನು, ಕಾಯಿಲೆ ಬಿದ್ದದ್ದನ್ನು ನಾವು ಗಮನಿಸಿದೆವು ಅಂತ ಶಾಲೆ ಅವನಿಗೆ ಹೇಳಿದಂತೆ ಅದು. ಸುದ್ದಿ ಎಂದರೆ ಗೌರವ. ನಮ್ಮ ಕೇರಿಯ ಹುಡುಗ ಸುದ್ದಿಯಾಗುವುದು ಯಾವಾಗ? ಕೆರೆಗೆ ಬಿದ್ದಾಗ, ಹಾಸ್ಟೆಲಿನ ಊಟ ತಿಂದು ಆಸ್ಪತ್ರೆ ಸೇರಿದಾಗ, ಇಲ್ಲವೆ ಯಾರೋ ಹೊಡೆದಾಗ. ಬದುಕಿದ್ದಾಗ ಅವನು ಹಾಜರಿ ಪುಸ್ತಕದ ಒಂದು ಗೆರೆ, ವಿದ್ಯಾರ್ಥಿವೇತನದ ಪಟ್ಟಿಯಲ್ಲಿ ಒಂದು ಅಂಕಿ.

ಆ ಶಾಲೆಯ ಧ್ಯೇಯವಾಕ್ಯ ಲ್ಯಾಟಿನ್ನಿನಲ್ಲಿದೆ. ಬಲಕ್ಕೂ ಬಾಗಬೇಡ, ಎಡಕ್ಕೂ ಬಾಗಬೇಡ, ನೇರ ನಡೆ ಎಂಬುದು ಅದರ ಭಾವ. ಒಳ್ಳೆಯ ಮಾತೇ. ಆದರೆ ಈ ದೇಶದ ರೋಗ ಬಲ ಎಡದ್ದಷ್ಟೇ ಅಲ್ಲ, ಮೇಲು ಕೀಳಿನದು. ಎಡಬಲಕ್ಕೆ ತಿರುಗದೆ ನೇರ ನಡೆಯುವವನ ಕಣ್ಣಿಗೆ ಕೆಳಗೆ ಬಗ್ಗಿ ಗುಡಿಸುತ್ತಿರುವವನು ಬೀಳುವುದಿಲ್ಲ. ಆ ಶಾಲೆ ಹುಟ್ಟಿದ್ದೇ ದೊರೆಗಳ ಮಕ್ಕಳಿಗಾಗಿ. 1870ರ ದಶಕದಲ್ಲಿ ಅದರ ಮುಖ್ಯಸ್ಥರಾಗಿದ್ದ ಜಿ. ಯು. ಪೋಪ್ ತಮಿಳಿನ ದೊಡ್ಡ ವಿದ್ವಾಂಸರು. ತಿರುಕ್ಕುರಳನ್ನು ಇಂಗ್ಲಿಷಿಗೆ ತಂದು 1886ರಲ್ಲಿ ಅಚ್ಚು ಹಾಕಿಸಿದರು. ನೆಲದ ಪುಸ್ತಕಕ್ಕೆ ಬಾಗಿಲು ತೆರೆಯುವುದು ಸುಲಭ. ನೆಲದ ಮೇಲೆ ಕೂತ ಮಗುವಿಗೆ ಬಾಗಿಲು ತೆರೆಯುವುದು ಕಷ್ಟ. ಈಗ ಇಂಥ ಶಾಲೆಗಳಲ್ಲಿ ಎಲ್ಲ ಧರ್ಮದ, ಎಲ್ಲ ಜಾತಿಯ ಮಕ್ಕಳೂ ಇರಬಹುದು. ಇರಲಿ, ಸಂತೋಷ. ಚರ್ಮ ನೋಡುತ್ತಿದ್ದ ಗೇಟು ಈಗ ರಸೀತಿ ನೋಡುತ್ತದೆ. ಬದಲಾಗಿದೆ ನಿಜ, ಆದರೆ ಗೇಟು ಗೇಟೇ.

ಹಾಗಾದರೆ ಸರ್ಕಾರಿ ಶಾಲೆ ನಮ್ಮದಾಗಿತ್ತೆ? ಅದೂ ಆಗಿರಲಿಲ್ಲ. 1856ರ ಜೂನ್ ತಿಂಗಳಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಮಹಾರ್ ಜಾತಿಯ ಹುಡುಗನೊಬ್ಬ ಕೇಳಿದ. ಸೇರಿಸಲಿಲ್ಲ. ಅವನು ಮುಂಬಯಿ ಸರ್ಕಾರದವರೆಗೆ ಅರ್ಜಿ ಒಯ್ದ. ಸರ್ಕಾರ ಏನು ಹೇಳಿತು? ನ್ಯಾಯ ನಿನ್ನ ಕಡೆಗಿದೆ, ಆದರೆ ನಿನ್ನೊಬ್ಬನಿಗಾಗಿ ಉಳಿದವರೆಲ್ಲ ಶಾಲೆ ಬಿಟ್ಟು ಹೋಗುವ ಹಾಗೆ ಮಾಡಲಾಗದು ಎಂಬ ಅರ್ಥದ ಉತ್ತರ ಕೊಟ್ಟಿತು. ಬಾಬಾಸಾಹೇಬರು ಈ ಪ್ರಕರಣವನ್ನು ಮತ್ತೆ ಮತ್ತೆ ಎತ್ತಿ ತೋರಿಸಿದರು. ಗೋಣಿ ತಾಟಿನ ಮೇಲೆ ಬೇರೆ ಕೂತು, ಜವಾನ ಬಂದು ಮೇಲಿಂದ ಸುರಿದರೆ ಮಾತ್ರ ನೀರು ಕುಡಿದು ಓದಿದ ಅವರಿಗೆ ಆ ಧಾರವಾಡದ ಹುಡುಗ ಯಾರೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. 1929ರ ಹೊತ್ತಿಗೆ ಅದೇ ಧಾರವಾಡದಲ್ಲಿ ಅವರ ಪ್ರಯತ್ನದಿಂದ ನಮ್ಮ ಮಕ್ಕಳಿಗೆ ಹಾಸ್ಟೆಲ್ಲು ಬಂತು. ಒಬ್ಬ ಹುಡುಗನ ಮುಂದೆ ಮುಚ್ಚಿದ ಊರಲ್ಲಿ ಹಲವರಿಗೆ ತೆರೆಯಲು ಎಪ್ಪತ್ತು ವರ್ಷದ ಮೇಲಾಯಿತು.

ಚರ್ಚಿನ ಕಡೆಯ ಮಾತನ್ನೂ ನ್ಯಾಯವಾಗಿ ಹೇಳಬೇಕು. 1833ರಲ್ಲೇ ಕಲ್ಕತ್ತೆಯ ಆಂಗ್ಲಿಕನ್ ಬಿಷಪ್ ಡೇನಿಯಲ್ ವಿಲ್ಸನ್ ಸಭೆಯೊಳಗೆ ಜಾತಿ ಕೂಡದು, ಈಗಲೇ ಬಿಡಿ, ಪೂರ್ತಿ ಬಿಡಿ ಎಂದು ಆಜ್ಞೆ ಕಳಿಸಿದರು. ತಂಜಾವೂರಿನ ಮೇಲ್ಜಾತಿ ಕ್ರೈಸ್ತರಲ್ಲಿ ಅನೇಕರು ಜಾತಿ ಬಿಡಲಿಲ್ಲ, ಚರ್ಚನ್ನೇ ಬಿಟ್ಟರು. ಅಂದರೆ ಒಂದೇ ರೊಟ್ಟಿ, ಒಂದೇ ಬಟ್ಟಲು ಎಂಬ ದೇವರ ಮುಂದಿನ ಊಟವೂ ನಮ್ಮ ದೇಶದ ಜಾತಿಯನ್ನು ನುಂಗಲಾರದೆ ಹೋಯಿತು. ದಕ್ಷಿಣದಲ್ಲಿ ಕೆಲವು ಕಡೆ ಕ್ರೈಸ್ತರ ಸ್ಮಶಾನವೂ ಎರಡಾಗಿದೆ. ಇತ್ತ ರಾಜ್ಯ ಮಾಡಿದ್ದೇನು? 1950ರ ರಾಷ್ಟ್ರಪತಿಗಳ ಆದೇಶದಲ್ಲಿ ಪರಿಶಿಷ್ಟ ಜಾತಿ ಎಂಬುದನ್ನು ಹಿಂದೂಗಳಿಗೆ ಮಾತ್ರ ಕಟ್ಟಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿತು. ಕ್ರೈಸ್ತರಾದ ದಲಿತರು ಹೊರಗೇ ಉಳಿದರು. ದೇವರು ಬದಲಾದರೂ ಊರವರು ಜಾತಿ ಬದಲಿಸಿ ನೋಡುವುದಿಲ್ಲ. ಸರ್ಕಾರದ ಕಾಗದ ಮಾತ್ರ ಬದಲಿಸಿ ನೋಡುತ್ತದೆ.

ಈಗ ನಮ್ಮ ಸೀಮೆಗೆ ಬರೋಣ. ಸೂಳೆಕೆರೆಯ ನೀರುಂಡು ಅಡಿಕೆ ಬೆಳೆದ ಚನ್ನಗಿರಿ, ತುಂಗಭದ್ರೆಯ ದಡದ ಹೊನ್ನಾಳಿ, ಅದರಿಂದ ಬೇರೆಯಾಗಿ ತಾಲ್ಲೂಕಾದ, ಸೇವಾಲಾಲರ ಸೂರಗೊಂಡನಕೊಪ್ಪ ಇರುವ ನ್ಯಾಮತಿ, ಮಳೆಗೆ ಮುಖ ಎತ್ತಿ ನಿಂತ ಜಗಳೂರು. 1997ರವರೆಗೆ ಒಂದಷ್ಟು ಶಿವಮೊಗ್ಗಕ್ಕೆ, ಜಗಳೂರು ಚಿತ್ರದುರ್ಗಕ್ಕೆ ಸೇರಿದ್ದ ಈ ನೆಲ ಈಗ ದಾವಣಗೆರೆ ಜಿಲ್ಲೆ. ಬಿಷಪ್ಪರ ಶಾಲೆ ಇಲ್ಲಿಗೆ ಬರಲಿಲ್ಲ. ಅದರ ವೇಷ ಮಾತ್ರ ಬಂತು. ಇಂಥ ತಾಲ್ಲೂಕು ಪೇಟೆಗಳಲ್ಲಿ ಯಾವ ಚರ್ಚಿಗೂ ಸೇರದ ಇಂಗ್ಲಿಷ್ ಶಾಲೆಗೂ ಸಂತರ ಹೆಸರಿನ ಬೋರ್ಡು ಬರುತ್ತದೆ. ಬಿಸಿಲಲ್ಲಿ ಟೈ, ಕೆಂಪು ಹೌಸು, ನೀಲಿ ಹೌಸು, ಆನುಯಲ್ ಡೇ. ಜನ ಎಲ್ಲವನ್ನೂ ಸೇರಿಸಿ ‘ಕಾನ್ವೆಂಟು’ ಅಂತಾರೆ. ಹಳದಿ ವ್ಯಾನು ಊರೊಳಗೆ ಬಂದು ಜಮೀನಿದ್ದವರ, ನೌಕರಿ ಇದ್ದವರ ಮಕ್ಕಳನ್ನು ತುಂಬಿಕೊಂಡು ಹೋಗುತ್ತದೆ. ಉಳಿದವರು ನಡೆದು ಹೋಗುವ ಇಸ್ಕೂಲೇ ಸರ್ಕಾರಿ ಇಸ್ಕೂಲು. ಹಿಂದೆ ಕೇರಿಯ ಮಕ್ಕಳನ್ನು ಶಾಲೆಯಿಂದ ಹೊರಗೆ ಇಡುತ್ತಿದ್ದರು. ಈಗ ಶಾಲೆಯನ್ನೇ ಕೇರಿಗೆ ಬಿಟ್ಟುಕೊಟ್ಟು ಊರು ಎದ್ದು ಹೋಗುತ್ತಿದೆ. ಮುಟ್ಟಬೇಡ ಅಂತ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ, ವ್ಯಾನು ಹೇಳುತ್ತದೆ.

ಊರು ಪೂರ್ತಿ ಎದ್ದು ಹೋಗದ ಕಡೆ ಏನಾಗುತ್ತದೆ? ಬಿಸಿಯೂಟ ನೋಡಿ. 2003ರ ಹೊತ್ತಿಗೆ ರಾಜ್ಯವೆಲ್ಲ ಹರಡಿದ ಅಕ್ಷರ ದಾಸೋಹ ದೊಡ್ಡ ಕೆಲಸ. ಒಂದೇ ಪಾತ್ರೆಯ ಅನ್ನ ಸಾಲಾಗಿ ಕೂತ ಮಕ್ಕಳ ತಟ್ಟೆಗೆ ಬೀಳುವಾಗ ಅದು ಹೊಟ್ಟೆಯ ಮಾತಷ್ಟೇ ಆಗಿರುವುದಿಲ್ಲ. ಅದಕ್ಕೇ ಅಡುಗೆಯವಳು ದಲಿತಳೆಂದು ಮಕ್ಕಳನ್ನು ಶಾಲೆ ಬಿಡಿಸಿದ ಪ್ರಕರಣಗಳು ನಮ್ಮ ರಾಜ್ಯದಲ್ಲೇ ನಡೆದಿವೆ. 1856ರ ಧಾರವಾಡದ ಬೆದರಿಕೆ ಇವತ್ತಿಗೂ ಅದೇ: ಅವಳು ಒಳಗಿದ್ದರೆ ನಾವು ಹೊರಗೆ.

ವಸತಿ ಶಾಲೆಗಳೂ ಹಾಗೆಯೇ. ಹೆಂಡ ಬೇಡ, ವಸತಿ ಶಾಲೆ ಬೇಕು ಎಂದು ದಲಿತ ಸಂಘರ್ಷ ಸಮಿತಿ ಕೂಗಿದ್ದು ಸುಮ್ಮನೆ ಅಲ್ಲ. ಹರಿಹರದಲ್ಲಿ ಹುಟ್ಟಿ ಭದ್ರಾವತಿಯಲ್ಲಿ ಪಾಠ ಹೇಳುತ್ತ ಸಂಘಟನೆ ಕಟ್ಟಿದ ಬಿ. ಕೃಷ್ಣಪ್ಪನವರ ಕಾಲದ ಆ ಕೂಗು ಈ ಸೀಮೆಯದೇ. ಸುಗ್ಗಿ ಬಂತೆಂದರೆ ಕಾಫಿ ಸೀಮೆಗೆ, ಕಬ್ಬು ಕಡಿಯೋಕೆ ಗುಳೆ ಹೋಗುವ ತಾಂಡಾದ ಮಗುವಿಗೆ ಹಾಸ್ಟೆಲ್ಲೇ ಮನೆ. ಆದರೆ 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಒಂದು ಸರ್ಕಾರಿ ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ಬಂತು. ಕೇಸು ಆಯಿತು, ಬಂಧನವೂ ಆಯಿತು. ನಮ್ಮ ಪ್ರಶ್ನೆ ಅದರ ಆಚೆಯದು. ಗುಂಡಿ ತುಂಬಿದಾಗ ಯಾರನ್ನು ಕರೆಯಬೇಕೆಂದು ಓದಿಸುವವರ ಮನಸ್ಸಿಗೆ ಯಾರು ಕಲಿಸಿದರು? ಅಕ್ಷರ ಕಲಿಸಲು ಕಟ್ಟಿದ ಜಾಗ ಜಾತಿಯ ಕಸುಬನ್ನೇ ಕಲಿಸಿದರೆ ಅದನ್ನು ಶಾಲೆ ಎನ್ನುವುದು ಹೇಗೆ?

ಇದಕ್ಕೆ ನಮ್ಮಲ್ಲೇ ಕೆಲವು ಹಿರಿಯರು ಹೇಳುವ ಉತ್ತರವಿದೆ. “ಯಾಕಪ್ಪ ಇಷ್ಟೆಲ್ಲ? ಜಾಣರಾದ ನಾಕು ಮಕ್ಕಳನ್ನ ಆರಿಸಿ ಆ ದೊಡ್ಡ ಶಾಲೆಗೆ ಹಾಕಿ. ಇಂಗ್ಲಿಷ್ ಕಲೀಲಿ. ಮೇಲೆ ಬಂದವರು ಉಳಿದವರನ್ನ ಎತ್ತುತಾರೆ.” ಈ ಆಸೆಯನ್ನು ನಾವು ಹೀಗಳೆಯುವುದಿಲ್ಲ. ಬಾಬಾಸಾಹೇಬರೂ ಬರೋಡ ಮಹಾರಾಜರ ನೆರವಿನಿಂದಲೇ ಅಮೆರಿಕಕ್ಕೆ ಹೋದವರು. ಇಂಗ್ಲಿಷ್ ನಮಗೆ ಬೇಕು, ಅದನ್ನು ಬೇಡವೆಂದು ನಮಗೆ ಉಪದೇಶ ಮಾಡುವವರ ಮಕ್ಕಳು ಎಲ್ಲಿ ಓದುತ್ತಾರೆಂದು ನಮಗೆ ಗೊತ್ತು. ಶಿಕ್ಷಣ ಹಕ್ಕು ಕಾಯಿದೆ ಖಾಸಗಿ ಶಾಲೆಯ ನೂರರಲ್ಲಿ ಇಪ್ಪತ್ತೈದು ಸೀಟನ್ನು ನಮ್ಮಂಥವರಿಗೆ ಇಟ್ಟಿತು. 2014ರಲ್ಲಿ ಸುಪ್ರೀಂ ಕೋರ್ಟು ಅಲ್ಪಸಂಖ್ಯಾತರ ಶಾಲೆಗಳಿಗೆ ಆ ಕಾಯಿದೆ ಅನ್ವಯಿಸದು ಎಂದಿತು. ಆ ತೀರ್ಪು ಸರಿಯೇ ಎಂಬ ಅನುಮಾನವನ್ನು 2025ರಲ್ಲಿ ಅದೇ ಕೋರ್ಟಿನ ಇನ್ನೊಂದು ಪೀಠ ಎತ್ತಿದೆ. ಅಲ್ಪಸಂಖ್ಯಾತರಿಗೆ ತಮ್ಮ ಶಾಲೆ ನಡೆಸುವ ಹಕ್ಕು ಇರಲೇಬೇಕು. ಆ ಹಕ್ಕು ಬಡವನನ್ನು ಹೊರಗಿಡುವ ಹಕ್ಕಾಗಬೇಕೆ ಎಂದು ಆ ಸಮುದಾಯದ ಒಳಗಿನ ದಲಿತರೇ ಮೊದಲು ಕೇಳಬೇಕು.

ಆದರೂ ನಾಕು ಜನರನ್ನು ಆರಿಸುವ ದಾರಿಯಲ್ಲಿ ಒಂದು ಮೋಸವಿದೆ. 1856ರಲ್ಲಿ ಒಬ್ಬನಿಗಾಗಿ ಹಲವರು ಕೆಡಬಾರದು ಎಂದರು. ಈಗ ಒಬ್ಬನನ್ನು ತೋರಿಸಿ ಹಲವರನ್ನು ಮರೆಸುತ್ತಾರೆ. ಆ ಒಬ್ಬನ ಫೋಟೋ ಪತ್ರಿಕೆಯಲ್ಲಿ ಬರುತ್ತದೆ, ಶಾಲೆಯ ಔದಾರ್ಯಕ್ಕೆ ಅವನು ಸಾಕ್ಷಿಯಾಗುತ್ತಾನೆ. ಎರಡು ಮಾತಿನ ತರ್ಕವೂ ಒಂದೇ. ಗೇಟು ಇರುವುದು ಸಹಜ, ಒಳಗೆ ಬರುವುದು ಕೃಪೆ. ಬಂಧುತ್ವ ಕೃಪೆಯಲ್ಲ. ಕೃಪೆಯಲ್ಲಿ ಕೊಡುವವನು ಮೇಲೆ, ತಗೊಳ್ಳುವವನು ಕೆಳಗೆ ಇರುತ್ತಾರೆ. ಬಂಧುತ್ವದಲ್ಲಿ ಇಬ್ಬರೂ ಒಂದೇ ನೆಲದ ಮೇಲೆ ನಿಂತಿರುತ್ತಾರೆ. ಸಂವಿಧಾನದ ಪೀಠಿಕೆಯಲ್ಲಿ ಸ್ವಾತಂತ್ರ್ಯ, ಸಮಾನತೆಗಳ ಜೊತೆ ಬಂಧುತ್ವ ಕೂತಿರುವುದು ಅಲಂಕಾರಕ್ಕಲ್ಲ. ಅದಿಲ್ಲದಿದ್ದರೆ ಮಿಕ್ಕೆರಡೂ ಪೋಲೀಸರ ಕಾವಲಿನಲ್ಲೇ ಬದುಕಬೇಕಾಗುತ್ತದೆ.

ಆದ್ದರಿಂದ ಶಾಲೆಯೊಂದರ ಸಮುದಾಯ ಜೀವನವನ್ನು ಅಳೆಯಲು ಅದರ ಬಹುಮಾನದ ಪಟ್ಟಿ ಬೇಡ. ಅಲ್ಲಿ ಕಕ್ಕಸು ತೊಳೆಯುವವರು ಯಾರು, ನೀರಿನ ಕೊಡ ಮುಟ್ಟುವವರು ಯಾರು, ಊಟದ ಸಾಲಿನ ಕೊನೆಗೆ ಕೂರುವವರು ಯಾರು, ಶಾಲೆ ಬಿಟ್ಟ ಹುಡುಗಿಯ ಮನೆಗೆ ಹೋಗಿ ಯಾಕೆ ಬರಲಿಲ್ಲ ಅಂತ ಕೇಳಿದವರು ಯಾರು, ಇಷ್ಟು ಕೇಳಿದರೆ ಸಾಕು. ಬಿಷಪ್ಪರ ಶಾಲೆಗೂ ಇದೇ ಪ್ರಶ್ನೆ, ಸಂತರ ಬೋರ್ಡಿನ ಶಾಲೆಗೂ ಇದೇ, ನಮ್ಮ ಹಾಸ್ಟೆಲಿಗೂ ಇದೇ. ನಮ್ಮ ಹಾಸ್ಟೆಲಿನಲ್ಲಿ ಎಡಗೈ, ಬಲಗೈ, ಲಂಬಾಣಿ, ಬೋವಿ ಎಂದು ತಟ್ಟೆಗಳು ಬೇರೆ ಬೇರೆ ಕೂತರೆ, ಊರಿನ ಗೇಟಿಗೆ ಬೈಯುವ ಬಾಯಿ ನಮಗಿರುವುದಿಲ್ಲ.

ಗೆಳೆಯರೆ, ಹಳ್ಳಿಯ ಮೇಷ್ಟ್ರೆ, ಆ ಆಂಗ್ಲಿಕನ್ ಶಾಲೆಯಿಂದ ನಾವು ಕಿತ್ತುಕೊಳ್ಳಬೇಕಾದದ್ದು ಟೈ ಅಲ್ಲ. ಪ್ರತಿ ಮಗುವಿನ ಹೆಸರೂ ಬರೆದಿಡಬೇಕಾದ ಹೆಸರು ಎಂಬ ಅದರ ಹಟವನ್ನು ಕಿತ್ತುಕೊಳ್ಳೋಣ. ಚನ್ನಗಿರಿಯ, ಜಗಳೂರಿನ ಹಾಸ್ಟೆಲಿನ ಗೋಡೆಗೆ ಒಂದು ಹಾಳೆ ಅಂಟಿಸಲು ದುಡ್ಡು ಬೇಕಿಲ್ಲ. ಯಾರು ಓಡಿದರು, ಯಾರು ಹಾಡಿದರು, ಯಾರ ಅಪ್ಪ ಅವ್ವ ಗುಳೆಯಿಂದ ವಾಪಸು ಬಂದರು, ಈ ವಾರ ಬೇಳೆ ಎಷ್ಟು ನೀರಾಗಿತ್ತು, ಕಕ್ಕಸು ತೊಳೆಯಲು ಯಾರನ್ನು ಕರೆದರು, ಎಲ್ಲವನ್ನೂ ಮಕ್ಕಳೇ ಬರೆಯಲಿ. ಬಹುಮಾನದ ಸುದ್ದಿಯ ಪಕ್ಕದಲ್ಲೇ ಅನ್ಯಾಯದ ಸುದ್ದಿಯೂ ಇರಲಿ. ಹಾಗೆ ಬರೆಯಲು ಕಲಿತ ಮಗುವನ್ನು ಗುಂಡಿಗೆ ಇಳಿಸುವುದು ಕಷ್ಟ. ಅದು ಮೊದಲು ಯಾಕೆ ಅಂತ ಕೇಳುತ್ತದೆ, ಆಮೇಲೆ ಕೇಳಿದ್ದನ್ನು ಬರೆದಿಡುತ್ತದೆ.